ಮೊದಲು ಬುಡ ನೋಡಿ

ನಾನು ಮಾಡುವ ಕೆಲಸಕ್ಕೆ ಜನ ‘ಗಿಡದ ಡಾಕ್ಟರ್’ ಅನ್ನುತ್ತಾರೆ. ಅಡ್ಡಿಯಿಲ್ಲ, ಹಾಗೇ ಕರೆಯಿರಿ. ಆದರೆ ಈ ಕಸುಬಿಗೆ ಬರಬೇಕು ಅಂತ ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ದುಡ್ಡು ಇರುವುದು ಕಡಿಯುವುದರಲ್ಲಿ ಮತ್ತು ಸಿಂಪಡಿಸುವುದರಲ್ಲಿ. ವಿದ್ಯೆ ಬೇಕಾಗುವುದು ಎಷ್ಟೋ ಸಲ ‘ಕಡಿಯಬೇಡಿ, ಸಿಂಪಡಿಸಬೇಡಿ’ ಅನ್ನುವುದಕ್ಕೆ. ಈ ಎರಡರ ನಡುವೆ ನಿಂತು ಮನೆ ನಡೆಸುವುದು ಹೇಗೆ? ಅದನ್ನು ಮಾತಾಡೋಣ ಅಂತ ಬಂದಿದ್ದೇನೆ.

ಒಂದು ಉದಾಹರಣೆಯಿಂದ ಶುರು ಮಾಡುತ್ತೇನೆ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟ್. ಗೇಟಿನ ಪಕ್ಕ ದೊಡ್ಡ ಹೊಂಗೆ ಮರ. ಕಟ್ಟಡಕ್ಕಿಂತ ಮರಕ್ಕೇ ವಯಸ್ಸು ಜಾಸ್ತಿ. ಎಲೆ ಹಳದಿ ಆಗುತ್ತಿದೆ, ತುದಿಯ ರೆಂಬೆಗಳು ಒಣಗುತ್ತಿವೆ ಅಂತ ಕರೆದರು. ನಾನು ಹೋಗುವಷ್ಟರಲ್ಲಿ ಎರಡು ಸಲ ಕೀಟನಾಶಕ ಹೊಡೆಸಿಯಾಗಿತ್ತು, ಬುಡಕ್ಕೆ ಯೂರಿಯಾ ಸುರಿದಾಗಿತ್ತು. “ಯಾವ ಹುಳ ಮೇಡಂ ಇದು?” ಅಂತ ಕಾರ್ಯದರ್ಶಿ ಕೇಳಿದರು. ಹುಳ ಇದೆ ಅನ್ನುವುದು ಅವರ ಮಟ್ಟಿಗೆ ತೀರ್ಮಾನ ಆಗಿಹೋಗಿತ್ತು. ಹೆಸರು ಮಾತ್ರ ಬೇಕಿತ್ತು.

ನಾನು ಎಲೆ ಮುಟ್ಟಲಿಲ್ಲ. ಮೊದಲು ದೂರ ಹೋಗಿ ಇಡೀ ಮರ ನೋಡಿದೆ. ಒಣಗಿದ್ದು ಇಡೀ ಮರ ಅಲ್ಲ, ರಸ್ತೆ ಕಡೆಯ ಅರ್ಧ ಮಾತ್ರ. ಆಮೇಲೆ ಬುಡ ನೋಡಿದೆ. ಮರದ ಬುಡ ನೆಲಕ್ಕೆ ಇಳಿಯುವ ಕಡೆ ಅಗಲ ಆಗುತ್ತಾ ಹೋಗಬೇಕು. ಕಂಬ ನೆಟ್ಟ ಹಾಗೆ ನೇರವಾಗಿ ಇಳಿದಿದ್ದರೆ ಯಾರೋ ಮಣ್ಣು ತುಂಬಿ ಎತ್ತರ ಮಾಡಿದ್ದಾರೆ ಅಂತಲೇ ಲೆಕ್ಕ. ಇಲ್ಲಿ ಮಣ್ಣು ತುಂಬಿ, ಅದರ ಮೇಲೆ ಕಾಂಡಕ್ಕೆ ತಾಗುವವರೆಗೂ ಟೈಲ್ಸ್ ಹಾಕಿದ್ದರು. “ಎರಡು ಮೂರು ವರ್ಷದಲ್ಲಿ ಇಲ್ಲಿ ಏನಾದರೂ ಅಗೆದಿದ್ದೀರಾ?” ಅಂದೆ. ಕಾರ್ಯದರ್ಶಿಗೆ ನೆನಪಿರಲಿಲ್ಲ. ಗೇಟಿನಲ್ಲಿ ನಿಂತಿದ್ದ ರಾಯಚೂರು ಕಡೆಯ ವಾಚ್‌ಮನ್ ಹೇಳಿದರು: “ಎರಡ ವರ್ಷದ ಹಿಂದ ಗ್ಯಾಸ್ ಪೈಪ್ ಹಾಕಾಕ ಇಲ್ಲೇ ತಗ್ಗ ತೋಡಿದ್ರೀ ಮೇಡಂ. ಬೇರ ಬಾಳ ಬಂದ್ವು. ಎಲ್ಲಾ ಕಡದ ಒಗದ್ರು.”

ರೋಗ ಪತ್ತೆ ಆಯಿತು. ಪತ್ತೆ ಮಾಡಿದ್ದು ವಾಚ್‌ಮನ್. ನನ್ನ ಕೆಲಸ ಕೇಳುವುದಷ್ಟೇ ಇತ್ತು.

ಶಾಲೆಯಲ್ಲಿ ನಾವೆಲ್ಲ ಮರದ ಚಿತ್ರ ಬಿಡಿಸಿದ್ದೇವೆ, ಅಲ್ವಾ? ಮೇಲೆ ಎಷ್ಟು ಎತ್ತರವೋ ಕೆಳಗೆ ತಾಯಿಬೇರು ಅಷ್ಟೇ ಆಳ. ಆ ಚಿತ್ರ ತಲೆಯಲ್ಲಿ ಉಳಿದುಬಿಟ್ಟಿದೆ. ಬೆಳೆದ ಮರದಲ್ಲಿ ನೀರು, ಪೋಷಕಾಂಶ ಎಳೆಯುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಬೇರಿಗೂ ಗಾಳಿ ಬೇಕು, ಗಾಳಿ ಆಡುವುದು ಮೇಲ್ಮಣ್ಣಿನಲ್ಲಿ. ಅಗಲದಲ್ಲಿ ನೋಡಿದರೆ ನೆರಳು ಬೀಳುವ ಜಾಗವನ್ನೂ ದಾಟಿ ಹೋಗಿರುತ್ತವೆ. ಹಾಗಾಗಿ ಮೂರು ಅಡಿ ಆಳದ ಒಂದು ಚರಂಡಿ ತೋಡಿದರೆ ಸಾಕು, ಆ ಪಕ್ಕದ ಬೇರೆಲ್ಲ ಹೋಯಿತು. ಮರ ಅವತ್ತೇ ಸಾಯುವುದಿಲ್ಲ. ಕೂಡಿಟ್ಟ ಆಹಾರದಲ್ಲಿ ಒಂದೆರಡು ವರ್ಷ ತಳ್ಳುತ್ತದೆ. ಅದು ಸೊರಗಲು ಶುರು ಮಾಡುವ ಹೊತ್ತಿಗೆ ಅಗೆದವರು ಯಾರಿಗೂ ನೆನಪಿರುವುದಿಲ್ಲ. ಬೇರಿಲ್ಲದ ಮರಕ್ಕೆ ಯೂರಿಯಾ ಸುರಿದರೆ ಉಳಿದ ಬೇರೂ ಉಪ್ಪಿಗೆ ಸುಡುತ್ತದೆ.

ಟೈಲ್ಸ್ ಕಿತ್ತು ಮಣ್ಣು ಸಡಿಲಿಸಿ, ಒಣಗಿದ ಕೊಂಬೆ ಮಾತ್ರ ತೆಗೆಸಿ, ಒಣ ಎಲೆಯ ದರಗು ಮತ್ತು ಕೊಳೆತ ಗೊಬ್ಬರ ಹರಡಿ, ವಾರಕ್ಕೊಮ್ಮೆ ನಿಧಾನವಾಗಿ ನೀರು ಬಿಡಿ, ಎರಡು ಮಳೆಗಾಲ ಕಾಯಿರಿ ಅಂತ ಬರೆದುಕೊಟ್ಟೆ. ಖಜಾಂಚಿ ಫೋನ್ ಮಾಡಿದರು. “ಔಷಧಿ ಏನೂ ಬರೆದಿಲ್ಲವಲ್ಲ ಮೇಡಂ. ಸುಮ್ನೆ ನೋಡಿ ಹೋಗಿದ್ದಕ್ಕೆ ಇಷ್ಟು ಫೀಸಾ?”

ನಗಬೇಡಿ. ಅವರ ಪ್ರಶ್ನೆ ಸಹಜವಾದದ್ದೇ. ಬೈಕಿನ ಹಿಂದೆ ಸ್ಪ್ರೇಯರ್ ಕಟ್ಟಿಕೊಂಡು ಬಂದು ಅರ್ಧ ದಿನ ಔಷಧಿ ಹೊಡೆದು ಹೋದವನ ಕೆಲಸ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ನನ್ನದು ಕಾಣುವುದಿಲ್ಲ. ಅದಕ್ಕೇ ಈಗ ನಾನು ಹೋಗುವ ಮೊದಲೇ ಹೇಳುತ್ತೇನೆ: ಫೀಸು ನೋಡುವುದಕ್ಕೆ ಮತ್ತು ವರದಿಗೆ. ಔಷಧಿ ನಾನು ಮಾರುವುದಿಲ್ಲ. ಮಾರುವವರೇ ರೋಗ ಹೇಳಿದರೆ ‘ರೋಗ ಏನೂ ಇಲ್ಲ’ ಅನ್ನುವ ಉತ್ತರ ಬರುವುದು ಕಷ್ಟ. ಹಳ್ಳಿಗಳಲ್ಲಿ ರೈತ ಬಾಡಿದ ಗಿಡ ಹಿಡಿದು ಮೊದಲು ಹೋಗುವುದು ಗೊಬ್ಬರದಂಗಡಿಗೆ. ಅಂಗಡಿಯವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗಾಗಿಯೇ ‘ದೇಸಿ’ ಅಂತ ಒಂದು ವರ್ಷದ ಡಿಪ್ಲೊಮಾ ಇದೆ, ಅದನ್ನು ಮಾಡಿ ಚೆನ್ನಾಗಿ ಸಲಹೆ ಕೊಡುವವರಿದ್ದಾರೆ. ಆದರೆ ಕೌಂಟರಿನ ಆ ಕಡೆ ನಿಂತವರ ಕೈ ತಾನಾಗಿ ಬಾಟಲಿ ಕಡೆಗೇ ಹೋಗುತ್ತದೆ.

ಈಗ ಪತ್ತೆ ಹಚ್ಚುವ ವಿಷಯ. ಇಡೀ ಕೆಲಸದಲ್ಲಿ ನನಗೆ ಇವತ್ತಿಗೂ ಖುಷಿ ಕೊಡುವ ಭಾಗ ಇದು. ಬೆಂಗಳೂರಿನಿಂದ ಪೂರ್ವಕ್ಕೆ ಹೋದರೆ ಕೋಲಾರ, ಚಿಂತಾಮಣಿ, ಎಲ್ಲ ಟೊಮೆಟೊ ಸೀಮೆ. ಒಂದು ಗಿಡ ಹಸಿರಾಗಿದ್ದ ಹಾಗೇ ಜೋತುಬಿದ್ದಿದೆ ಅಂತಿಟ್ಟುಕೊಳ್ಳಿ. ನೀರು ಕಡಿಮೆ ಆಗಿರಬಹುದಾ? ಮಣ್ಣು ಒದ್ದೆ ಇದೆ. ಹಾಗಾದರೆ ಸೊರಗು ರೋಗ. ಆದರೆ ಯಾವ ಸೊರಗು?

ಗಿಡ ಕಿತ್ತು, ಬುಡದ ಹತ್ತಿರ ಎರಡು ಮೂರು ಇಂಚಿನ ಕಾಂಡ ಕತ್ತರಿಸಿಕೊಳ್ಳಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಕಾಂಡವನ್ನು ಹಿಡಿಯಿರಿ. ಅಲುಗಾಡಿಸಬೇಡಿ. ಲೋಟದ ಹಿಂದೆ ಏನಾದರೂ ಕಪ್ಪಗಿರುವುದು ಇದ್ದರೆ ಒಳ್ಳೆಯದು, ಚೆನ್ನಾಗಿ ಕಾಣುತ್ತದೆ. ಬ್ಯಾಕ್ಟೀರಿಯಾದ ಸೊರಗಾಗಿದ್ದರೆ ಕೆಲವೇ ನಿಮಿಷಕ್ಕೆ ತುದಿಯಿಂದ ಬೆಳ್ಳಗಿನ ಎಳೆಯೊಂದು ನೀರಿನೊಳಗೆ ಇಳಿಯತೊಡಗುತ್ತದೆ. ಅದು ಬ್ಯಾಕ್ಟೀರಿಯಾ, ಲಕ್ಷ ಕೋಟಿ ಲೆಕ್ಕದಲ್ಲಿ. ಗಿಡದ ನೀರಿನ ಕೊಳವೆಯನ್ನೇ ಅದು ಕಟ್ಟಿಹಾಕಿದೆ. ಎಳೆ ಇಳಿಯಲಿಲ್ಲ, ಆದರೆ ಸೀಳಿ ನೋಡಿದರೆ ಕಾಂಡದ ಒಳಗೆ ಕಂದು ಗೆರೆ ಇದೆ, ಕೆಳಗಿನ ಎಲೆ ಮೊದಲು ಹಳದಿ ಆಗಿತ್ತು ಅಂದರೆ ಶಿಲೀಂಧ್ರದ ಸೊರಗು ಅಂತ ಅನುಮಾನಿಸಬೇಕು. ಎರಡೂ ಇಲ್ಲ, ಬೇರಿನಲ್ಲಿ ಗಂಟು ಗಂಟು ಇದೆ ಅಂದರೆ ಜಂತುಹುಳು. ಕೆಲವೊಮ್ಮೆ ಗಂಟೂ ಇರುತ್ತದೆ, ಬ್ಯಾಕ್ಟೀರಿಯಾವೂ ಇರುತ್ತದೆ. ಜಂತುಹುಳು ಮಾಡಿದ ಗಾಯವೇ ಬ್ಯಾಕ್ಟೀರಿಯಾಗೆ ಬಾಗಿಲು.

ಖರ್ಚು ಒಂದು ಲೋಟ ನೀರು. ಉಳಿತಾಯ ಎಷ್ಟು ಗೊತ್ತಾ? ಬ್ಯಾಕ್ಟೀರಿಯಾದ ಸೊರಗಿಗೆ ಶಿಲೀಂಧ್ರನಾಶಕ ಸುರಿದರೆ ದುಡ್ಡನ್ನು ಮಣ್ಣಿಗೆ ಹಾಕಿದ ಹಾಗೇ ಲೆಕ್ಕ. ಒಮ್ಮೆ ಬಾಡಿದ ಗಿಡವನ್ನು ಎಬ್ಬಿಸುವ ಔಷಧಿ ಇಲ್ಲ. ಆ ಹೊಲದಲ್ಲಿ ಮುಂದಿನ ಸಲ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಬೇಡ, ರಾಗಿಯನ್ನೋ ಜೋಳವನ್ನೋ ಹಾಕಿ ಅನ್ನಬೇಕು. ಇಲ್ಲವೇ ರೋಗ ತಡೆಯುವ ಬದನೆ ಗಿಡದ ಮೇಲೆ ಕಸಿ ಕಟ್ಟಿದ ಟೊಮೆಟೊ ಸಸಿ ಹಾಕಬೇಕು. ಇಲ್ಲೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ರಕ್ಷಕ್’ ತಳಿ ಇದೆ. ಎಲೆ ಮುಟುರು ವೈರಸ್, ಬ್ಯಾಕ್ಟೀರಿಯಾ ಸೊರಗು, ಎಲೆ ಅಂಗಮಾರಿ ಮೂರಕ್ಕೂ ತಡೆಯುವ ಶಕ್ತಿ ಅದಕ್ಕಿದೆ. ಅಂಥ ತಳಿ ಮಾಡುವ ತಂಡದಲ್ಲೂ ತಳಿ ವಿಜ್ಞಾನಿ ಒಬ್ಬರೇ ಇರುವುದಿಲ್ಲ. ರೋಗ ಬರಿಸಿ ಪರೀಕ್ಷೆ ಮಾಡುವವರು ಬೇಕು. ನಮ್ಮಂಥವರಿಗೆ ಅಲ್ಲೂ ಕೆಲಸ.

ಇನ್ನೊಂದು ಸೂತ್ರ ಕಲಿಸಿಬಿಡುತ್ತೇನೆ, ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಒಂದೇ ಜಾಗದಲ್ಲಿ ಬೇರೆ ಬೇರೆ ಜಾತಿಯ ಗಿಡಗಳೆಲ್ಲ ಒಟ್ಟಿಗೆ ಕೆಟ್ಟಿವೆ ಅಂದರೆ ಹುಳ, ರೋಗದ ಮೇಲೆ ಅನುಮಾನ ಕಡಿಮೆ ಇಡಿ. ನೀರು, ಮಣ್ಣು, ಕಳೆನಾಶಕ, ಸಿಮೆಂಟು ನೋಡಿ. ದಾಸವಾಳ ಮಾತ್ರ ಕೆಟ್ಟಿದೆ, ಪಕ್ಕದ ಮಲ್ಲಿಗೆ ಚೆನ್ನಾಗಿದೆ ಅಂದರೆ ಎಲೆ ತಿರುಗಿಸಿ ನೋಡಿ, ಹಿಟ್ಟು ತಿಗಣೆಯೋ ಬಿಳಿ ನೊಣವೋ ಅಲ್ಲಿ ಕೂತಿರುತ್ತದೆ. ಬಾಲ್ಕನಿ ಗಿಡಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಒಂದೇ ಕಾಯಿಲೆ: ಪ್ರೀತಿ ಜಾಸ್ತಿಯಾಗಿ ದಿನಾ ಎರಡು ಹೊತ್ತು ನೀರು.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಊರಿಗೂ ಈ ಕಸುಬಿಗೂ ಹಳೆಯ ನಂಟು. 1908ರಲ್ಲಿ ಇಬ್ಬರು ಪರದೇಶದವರು ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಒಬ್ಬರು ಜರ್ಮನಿಯ ಕ್ರುಂಬಿಗಲ್, ಲಾಲ್‌ಬಾಗಿನವರು. ಅವರ ಹೆಸರು ನಿಮಗೆಲ್ಲ ಗೊತ್ತು, ವರ್ಷ ಪೂರ್ತಿ ಒಂದಲ್ಲ ಒಂದು ರಸ್ತೆಯಲ್ಲಿ ಹೂ ಇರಬೇಕು ಅಂತ ಮರ ನೆಡಿಸಿದವರು. ಇನ್ನೊಬ್ಬರು ಕೆನಡಾದ ಲೆಸ್ಲಿ ಕೋಲ್ಮನ್. ಬಂದದ್ದು ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ. ಆಮೇಲೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಎರಡರ ಹಿಂದೆಯೂ ಅವರಿದ್ದಾರೆ. ನೆಟ್ಟವರು ಎಲ್ಲರಿಗೂ ನೆನಪು, ರೋಗ ನೋಡಿದವರನ್ನು ಕೇಳುವವರಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ಕೋಲ್ಮನ್ ಕೈಗೆತ್ತಿಕೊಂಡ ದೊಡ್ಡ ಕೆಲಸ ಅಡಿಕೆಯ ಕೊಳೆರೋಗ. ನಾನು ಮಲೆನಾಡಿನವಳು, ಈ ರೋಗದ ಹೆಸರು ಕೇಳದೆ ನಮ್ಮಲ್ಲಿ ಯಾರೂ ಬೆಳೆಯುವುದಿಲ್ಲ. ಜಡಿಮಳೆ ಹಿಡಿಯಿತು ಅಂದರೆ ಎಳೆ ಅಡಿಕೆ ಕೊಳೆತು ತೋಟದ ತುಂಬ ಉದುರುತ್ತದೆ. ಹಿಂದೆ ಮಳೆಗಾಲಕ್ಕೆ ಮೊದಲೇ ಗೊನೆಗಳಿಗೆ ಕೊಟ್ಟೆ ಅನ್ನುವ ಹೊದಿಕೆ ಕಟ್ಟುತ್ತಿದ್ದರು, ನೀರು ತಾಗದಿರಲಿ ಅಂತ. ಒಂದೊಂದು ಮರಕ್ಕೂ ಹತ್ತಬೇಕು. ಕೋಲ್ಮನ್ ರೋಗದ ಮೂಲ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲೇ ಪ್ರಕಟಿಸಿದರು. ಮಳೆಗೆ ಮೊದಲು ಬೋರ್ಡೋ ದ್ರಾವಣ ಹೊಡೆಯಿರಿ ಅಂದರು. ಇವತ್ತಿಗೂ ಮಲೆನಾಡಿನಲ್ಲಿ ಮೇ ಕೊನೆ, ಜೂನ್ ಶುರುವಿನಲ್ಲಿ ನಡೆಯುವುದು ಅದೇ.

ಬೋರ್ಡೋ ಮಾಡುವುದನ್ನು ನೋಡಿಲ್ಲದವರಿಗೆ ಹೇಳುತ್ತೇನೆ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಬೇಕು. ಮೈಲುತುತ್ತಕ್ಕೆ ಕಬ್ಬಿಣದ ಪಾತ್ರೆ ಕೂಡದು, ಪ್ಲಾಸ್ಟಿಕ್ ಡ್ರಮ್ಮೋ ಮಣ್ಣಿನ ಗುಡಾಣವೋ ಆಗಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಆಕಾಶದ ಬಣ್ಣದ ದ್ರಾವಣ ಬರುತ್ತದೆ. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು, ಎಳೆಕಾಯಿ ಸುಟ್ಟುಹೋಗುತ್ತದೆ, ಇನ್ನಷ್ಟು ಸುಣ್ಣ ಬೇಕು. ಚಾಕು ಹಾಗೇ ಹೊಳೆಯುತ್ತಿದ್ದರೆ ಸರಿ. ಇದು ರಸಾಯನಶಾಸ್ತ್ರದ ಪರೀಕ್ಷೆ. ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ತೋಟದ ಕೊನೆಗಾರರು ಕಾಲೇಜಿಗೆ ಹೋಗದೆ ಮಾಡುತ್ತಿದ್ದರು.

ಸಿಂಪಡಿಸಬೇಡಿ ಅಂದವಳು ಈಗ ಸಿಂಪಡಣೆಯನ್ನು ಹೊಗಳುತ್ತಿದ್ದಾಳೆ ಅಂತ ಯಾರೋ ಹಿಂದೆ ಪಿಸುಗುಟ್ಟಿದ ಹಾಗಾಯಿತು. ಸರಿಯಾಗಿಯೇ ಹಿಡಿದಿರಿ. ಕೊಳೆರೋಗಕ್ಕೆ ಬೋರ್ಡೋ ಬೇಕೇ ಬೇಕು, ಯಾಕೆಂದರೆ ರೋಗ ಯಾವುದು, ಯಾವಾಗ ಬರುತ್ತದೆ, ಎಲ್ಲಿ ಕೂರುತ್ತದೆ ಅನ್ನುವುದು ಗೊತ್ತಿದೆ. ಏನೆಂದು ಗೊತ್ತಿಲ್ಲದೆ ಹೊಡೆಯುವುದಕ್ಕೆ ಮಾತ್ರ ನನ್ನ ತಕರಾರು. ಹೊಡೆಯಲೇಬೇಕಾದರೂ ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಿ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮಕ್ಕಳು ಆಡುವ ಅಪಾರ್ಟ್‌ಮೆಂಟ್ ಪಾರ್ಕಿಗೆ ಕೆಂಪು, ಹಳದಿ ಗುರುತಿನ ಡಬ್ಬಿ ತಂದಿದ್ದನ್ನು ನೋಡಿದ್ದೇನೆ.

ಔಷಧಿಯೇ ಹೊಡೆಯಲಾಗದ ಕಡೆ ಏನು ಮಾಡುತ್ತಾರೆ? ಇದಕ್ಕೆ ಒಳ್ಳೆಯ ಉತ್ತರ ನಮ್ಮ ಹೆಬ್ಬಾಳದಲ್ಲೇ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಮೆಕ್ಸಿಕೊ ಕಡೆಯ ಕೀಟ. ಇಲ್ಲಿ ಅದನ್ನು ತಿನ್ನುವ ಶತ್ರು ಇರಲಿಲ್ಲ. ಪಪ್ಪಾಯಿ ತೋಟ ಬೆಳ್ಳಗಾದವು. ಪಪ್ಪಾಯಿಗೆ ಮಾತ್ರ ಆಗಿದ್ದರೆ ಒಂದು ಮಾತು, ಹಿಪ್ಪುನೇರಳೆಗೂ ಬಂತು. ಹಿಪ್ಪುನೇರಳೆಗೆ ಕೀಟನಾಶಕ ಹೊಡೆದು ಆ ಸೊಪ್ಪನ್ನು ರೇಷ್ಮೆಹುಳಕ್ಕೆ ಹಾಕಲು ಆಗುತ್ತದಾ? ಆಗ ಹೆಬ್ಬಾಳದ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ಒಂದು ಪುಟಾಣಿ ಕಣಜವನ್ನು ತರಿಸಿದರು. ಒಂದು ಮಿಲಿಮೀಟರಿಗಿಂತ ಚಿಕ್ಕದು. ಅದು ಹಿಟ್ಟು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿಂದಲೇ ತಿಂದು ಮುಗಿಸುತ್ತದೆ. ಬೇರೆ ಕೀಟಗಳ ತಂಟೆಗೆ ಹೋಗುವುದಿಲ್ಲ ಅಂತ ಮೊದಲು ಮುಚ್ಚಿದ ಪ್ರಯೋಗಾಲಯದಲ್ಲಿ ಖಾತ್ರಿ ಮಾಡಿಕೊಂಡೇ ಹೊಲಕ್ಕೆ ಬಿಟ್ಟರು. ತಿಗಣೆ ಹತೋಟಿಗೆ ಬಂತು. ಹತ್ತು ವರ್ಷದ ನಂತರ ಕೇರಳದ ಮರಗೆಣಸಿಗೆ ಇನ್ನೊಂದು ಹಿಟ್ಟು ತಿಗಣೆ ಬಂದಾಗ ಅದೇ ಸಂಸ್ಥೆಯವರು ಆಫ್ರಿಕಾದ ಬೆನಿನ್ ದೇಶದಿಂದ ಮತ್ತೊಂದು ಕಣಜ ತಂದರು.

ಇದರಲ್ಲಿ ನೀವು ಗಮನಿಸಬೇಕಾದ್ದು ಒಂದಿದೆ. ಹಿಟ್ಟು ತಿಗಣೆಗಳು ಬರಿಗಣ್ಣಿಗೆ ಎಲ್ಲಾ ಒಂದೇ. ಬೆಳ್ಳಗೆ, ಮೆತ್ತಗೆ. ಇದು ಇಂಥದ್ದೇ ಜಾತಿ ಅಂತ ಸೂಕ್ಷ್ಮದರ್ಶಕದ ಕೆಳಗೆ ಗುರುತಿಸುವವರು ಒಬ್ಬರು ಇಲ್ಲದಿದ್ದರೆ ಯಾವ ಕಣಜ ತರಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ. ಕೀಟ ಗುರುತಿಸುವ ವಿದ್ಯೆಗೆ ಈಗ ಹುಡುಗರು ಬರುವುದು ಬಹಳ ಕಡಿಮೆ. ತಾಳ್ಮೆ ಇರುವವರು, ಮಾತು ಕಡಿಮೆ ಆಡುವವರು ಯಾರಾದರೂ ಇಲ್ಲಿದ್ದರೆ ಯೋಚನೆ ಮಾಡಿ.

ಹಾಗೆಯೇ ಬಂದರು, ವಿಮಾನ ನಿಲ್ದಾಣದಲ್ಲಿ ತಡೆಯುವ ಕೆಲಸವೂ ಇದೆ, ಸಸ್ಯ ಸಂಗರೋಧ ಅನ್ನುತ್ತಾರೆ. 1914ರ ಒಂದು ಕಾಯ್ದೆ, 2003ರ ಒಂದು ಆದೇಶ ಇದಕ್ಕೆ ಆಧಾರ. ನಮ್ಮ ಗುಲಾಬಿ, ದ್ರಾಕ್ಷಿ, ಮಿಡಿಸೌತೆ ಹೊರದೇಶಕ್ಕೆ ಹೋಗಬೇಕಾದರೆ ರೋಗ, ಕೀಟ ಇಲ್ಲ ಅಂತ ಇವರ ಪ್ರಮಾಣಪತ್ರ ಬೇಕು. ವಿದೇಶ ಪ್ರವಾಸ ಹೋದವರು ಚಂದ ಇದೆ ಅಂತ ಗಿಡದ ತುಂಡನ್ನು ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರುತ್ತಾರಲ್ಲ, ದಯವಿಟ್ಟು ತರಬೇಡಿ.

ಈಗ ನಗರದ ಮರಗಳಿಗೆ ಬರುತ್ತೇನೆ. ಮುಂದಿನ ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಹೆಚ್ಚು ಕೆಲಸ ಇರುವುದು ಇಲ್ಲೇ ಅಂತ ನನ್ನ ಲೆಕ್ಕ. ಯಾಕೆ ಅಂದರೆ, 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಮುಂದಾಳತ್ವದಲ್ಲಿ ಈ ಊರಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ನೀವು ಇವತ್ತು ನೆರಳು ಅಂತ ನಿಲ್ಲುವ ಎಷ್ಟೋ ಮರ ಆಗಿನವು. ಅವೆಲ್ಲ ಒಟ್ಟಿಗೆ ಹುಟ್ಟಿದವು, ಒಟ್ಟಿಗೆ ಮುದಿಯಾಗುತ್ತವೆ. ಗುಲ್‌ಮೊಹರ್, ಕಾಪರ್ ಪಾಡ್‌ನಂಥ ಮೆದು ಮರಗಳು ಬೇಗ. ಅವು ನೆಟ್ಟಾಗ ಇದ್ದ ಫುಟ್‌ಪಾತ್ ಬೇರೆ, ಈಗಿನದು ಬೇರೆ. ಆಗ ಪಕ್ಕದಲ್ಲಿ ಮಣ್ಣಿತ್ತು. ಈಗ ಸಿಮೆಂಟು, ಒಳಚರಂಡಿ, ಕೇಬಲ್ಲು.

ಮರ ಕೆಡುವುದರಲ್ಲಿ ಕೊಂಬೆ ಕಡಿಯುವ ರೀತಿಯ ಪಾಲು ದೊಡ್ಡದು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಅನ್ನುವ ವಿಜ್ಞಾನಿ ಗರಗಸ ಹಿಡಿದು ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿದರು. ಅವರು ಕಂಡಿದ್ದು ಇದು: ನಮ್ಮ ಚರ್ಮದ ಗಾಯ ಮಾಯುತ್ತದೆ, ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗ ಒಳಗೆ ಹಾಗೇ ಇರುತ್ತದೆ. ಮರ ಅದರ ಸುತ್ತ ತಡೆಗೋಡೆ ಕಟ್ಟಿ, ಹೊರಗಡೆ ಹೊಸದಾಗಿ ಬೆಳೆದು ಮುಚ್ಚುತ್ತದೆ ಅಷ್ಟೆ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬು ಇರುತ್ತದೆ, ಮನೆಗೆ ಹೋಗುವಾಗ ನೋಡಿ. ಆ ಗೋಡೆ ಚೆನ್ನಾಗಿ ಕಟ್ಟುವ ಶಕ್ತಿ ಇರುವುದು ಅಲ್ಲೇ. ಉಬ್ಬನ್ನು ಸೇರಿಸಿ ಕಾಂಡಕ್ಕೆ ಸಮವಾಗಿ ನುಣ್ಣಗೆ ಕತ್ತರಿಸಿದರೆ ನೋಡಲು ಚೆಂದ, ಆದರೆ ಕೊಳೆತ ಒಳಗೆ ಇಳಿಯುತ್ತದೆ. ಮೊಂಡು ಬಿಟ್ಟು ಕತ್ತರಿಸಿದರೂ ಅದೇ ಗತಿ. ಉಬ್ಬಿನ ಹೊರಗೆ, ಅದಕ್ಕೆ ತಾಗದಂತೆ ಕತ್ತರಿಸಬೇಕು. ದೊಡ್ಡ ಕೊಂಬೆಯಾದರೆ ಮೂರು ಪೆಟ್ಟು. ಕಾಂಡದಿಂದ ಒಂದಡಿ ದೂರ ಕೆಳಗಿನಿಂದ ಅರ್ಧಂಬರ್ಧ ಒಂದು. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ ಇನ್ನೊಂದು, ಆಗ ಕೊಂಬೆ ತೊಗಟೆ ಸಿಗಿದುಕೊಳ್ಳದೆ ಬೀಳುತ್ತದೆ. ಉಳಿದ ಮೊಂಡನ್ನು ಉಬ್ಬಿನ ಹೊರಗೆ ತೆಗೆಯುವುದು ಕೊನೆಯದು. ಮೇಲೆ ಟಾರು, ಪೇಂಟು ಏನೂ ಬೇಡ.

ನಮ್ಮಲ್ಲಿ ತಂತಿಗೆ ತಾಗುತ್ತದೆ ಅಂತ ಒಂದು ಪಕ್ಕದ ಕೊಂಬೆಗಳನ್ನೆಲ್ಲ ಸವರುತ್ತಾರೆ, ಇನ್ನೊಂದು ಪಕ್ಕದ ಬೇರನ್ನು ಚರಂಡಿಗೆ ಅಂತ ಕಡಿಯುತ್ತಾರೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಅದು ಕಾರಿನ ಮೇಲೆ ಬಿದ್ದಾಗ ‘ಹಳೇ ಮರ, ಬಿತ್ತು’ ಅನ್ನುತ್ತಾರೆ.

ಹಳೆಯದು ಅಂದ ಮಾತ್ರಕ್ಕೆ ಬೀಳಬೇಕಾಗಿಲ್ಲ. ಕೆಂಗೇರಿ ಆಚೆ ರಾಮೋಹಳ್ಳಿಯ ದೊಡ್ಡ ಆಲದ ಮರ ನೋಡಿದ್ದೀರಲ್ಲ? ನಾನೂರು ವರ್ಷದ್ದು ಅನ್ನುತ್ತಾರೆ. ಅದರ ಮೂಲ ಕಾಂಡ 2000ದ ಸುಮಾರಿಗೆ ರೋಗ ಬಂದು ಹೋಯಿತು. ಬಿಳಲುಗಳೇ ಕಾಂಡಗಳಾಗಿ ಮರ ಇವತ್ತಿಗೂ ಮೂರು ಎಕರೆ ಹರಡಿ ನಿಂತಿದೆ. ಟೊಳ್ಳು ಇದ್ದ ಮಾತ್ರಕ್ಕೂ ಬೀಳುವುದಿಲ್ಲ. ಸುತ್ತ ಎಷ್ಟು ದಪ್ಪ ಗಟ್ಟಿ ಮರ ಉಳಿದಿದೆ ಅನ್ನುವುದು ಮುಖ್ಯ. ಕಾಂಡದ ನಡುವಿನಿಂದ ಅಂಚಿಗೆ ಇರುವ ಅಳತೆಯಲ್ಲಿ ಮೂರನೇ ಒಂದು ಪಾಲು ಗಟ್ಟಿ ಇದ್ದರೆ ಸಾಮಾನ್ಯವಾಗಿ ಗಾಬರಿಪಡುವುದಿಲ್ಲ. ಇದನ್ನು ಶಬ್ದದ ಅಲೆ ಕಳಿಸಿ ಅಳೆಯುವ ಯಂತ್ರಗಳಿವೆ, ದುಬಾರಿ. ಆದರೆ ನನ್ನ ಜೊತೆ ಕೆಲಸ ಮಾಡುವ, ಮರ ಹತ್ತುವ ಹಿರಿಯರೊಬ್ಬರು ಮಚ್ಚಿನ ಹಿಂಬದಿಯಿಂದ ಕುಟ್ಟಿ, ಕಿವಿ ಕೊಟ್ಟು, “ಒಳ್ಗೆ ಟೊಳ್ಳೈತೆ ಕಣಕ್ಕ, ಈ ಕೊಂಬೆ ಮ್ಯಾಲೆ ನಾನು ಕಾಲಿಡಕ್ಕಿಲ್ಲ” ಅಂದರೆ ನಾನು ಯಂತ್ರ ತರಿಸುವ ಮೊದಲೇ ನಂಬುತ್ತೇನೆ.

ಅವರಿಗೆ ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್, ವಿಮೆ ಇದೆ. ಈ ಊರಲ್ಲಿ ಮರ ಹತ್ತುವವರಲ್ಲಿ ಹೆಚ್ಚಿನವರಿಗೆ ಅದು ಇಲ್ಲ. ಲುಂಗಿ ಎತ್ತಿಕಟ್ಟಿ, ಬರಿಗಾಲಲ್ಲಿ, ಕರೆಂಟಿನ ತಂತಿ ಪಕ್ಕ ಗರಗಸ ಹಿಡಿದು ನಿಂತಿರುತ್ತಾರೆ. ನೀವು ಮುಂದೆ ಕಂಪನಿ ಮಾಡಿದರೆ ಮೊದಲ ಖರ್ಚು ಅದಕ್ಕೆ ಮಾಡಿ. ಕಡಿಮೆ ಕೊಟೇಶನ್ ಕೊಟ್ಟವರಿಗೆ ಕೆಲಸ ಹೋಗುತ್ತದೆ ಅನ್ನುವುದು ನನಗೂ ಗೊತ್ತು. ಆದರೂ ಮಾಡಿ.

ಕಾನೂನಿನ ಒಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮ ಸ್ವಂತ ಸೈಟಿನ ಮರ ಕಡಿಯಲೂ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ವೃಕ್ಷ ಅಧಿಕಾರಿಯ ಅನುಮತಿ ಬೇಕು. ನಮ್ಮ ವರದಿ ಹೋಗುವುದು ಅಲ್ಲಿಗೆ. ‘ಮರ ಅಪಾಯ’ ಅಂತ ಬರೆದುಕೊಡಿ ಅಂತ ಕೇಳಿಕೊಂಡು ಬರುವವರು ಇರುತ್ತಾರೆ. ಮರ ಚೆನ್ನಾಗಿರುತ್ತದೆ, ಪಾರ್ಕಿಂಗಿಗೆ ಅಡ್ಡ ಇರುತ್ತದೆ ಅಷ್ಟೆ. ಇಲ್ಲಿ ಒಮ್ಮೆ ಬಗ್ಗಿದರೆ ಊರೆಲ್ಲ ಸುದ್ದಿ. ಆಮೇಲೆ ಅಂಥ ಗಿರಾಕಿಗಳೇ ಹುಡುಕಿಕೊಂಡು ಬರುತ್ತಾರೆ.

ಇನ್ನು ಬರುವ ದಾರಿ. ದಾರಿ ಒಂದೇ ಇಲ್ಲ. ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿ ಬರೆದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಕೃಷಿ ಬಿಎಸ್ಸಿ ಮಾಡಬಹುದು, ತೋಟಗಾರಿಕೆ ಕಾಲೇಜಿಗೆ ಹೋಗಬಹುದು, ಶಿರಸಿ ಅಥವಾ ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಬಹುದು. ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ ಗೊಬ್ಬರ ಗುರುತಿಸಬೇಕು. ಎಂಎಸ್ಸಿಯಲ್ಲಿ ಸಸ್ಯರೋಗಶಾಸ್ತ್ರ ಅಥವಾ ಕೀಟಶಾಸ್ತ್ರ. ಕೃಷಿ, ತೋಟಗಾರಿಕೆ ಇಲಾಖೆಗಳಿಗೆ ಸರ್ಕಾರಿ ನೇಮಕಾತಿ, ಬೀಜದ ಕಂಪನಿಗಳು, ಕಾಫಿ ಮಂಡಳಿ, ಸಂಶೋಧನಾ ಸಂಸ್ಥೆಗಳು, ದೊಡ್ಡ ಐಟಿ ಕ್ಯಾಂಪಸ್‌ಗಳ ತೋಟದ ಉಸ್ತುವಾರಿ. ಮರಗಳ ಕಡೆ ಹೋಗುವವರಿಗೆ ಅಂತರರಾಷ್ಟ್ರೀಯ ಆರ್ಬೊರಿಕಲ್ಚರ್ ಸೊಸೈಟಿಯ ‘ಸರ್ಟಿಫೈಡ್ ಆರ್ಬರಿಸ್ಟ್’ ಪರೀಕ್ಷೆ ಇದೆ, ಬರೆಯಲು ಕೆಲಸದ ಅನುಭವ ತೋರಿಸಬೇಕು. ಹತ್ತನೇ ಕ್ಲಾಸಿಗೇ ಓದು ನಿಂತವರು ಬೇಜಾರು ಮಾಡಿಕೊಳ್ಳಬೇಡಿ. ತೋಟಗಾರಿಕೆ ಇಲಾಖೆಯವರು ರೈತರ ಮಕ್ಕಳಿಗೆ ಲಾಲ್‌ಬಾಗಿನಲ್ಲಿ 10 ತಿಂಗಳ ತರಬೇತಿ ಕೊಡುತ್ತಾರೆ. ಅಲ್ಲಿ ಕಲಿತು ಬಂದ ಒಬ್ಬ ಹುಡುಗನ ಕೈಯ ಕಸಿ ನನ್ನ ಕೈಯ ಕಸಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಸಂಬಳ ಕೇಳಿದಿರಿ. ಶುರುವಿನಲ್ಲಿ ನಿಮ್ಮ ಸಾಫ್ಟ್‌ವೇರ್ ಕಸಿನ್ನಿಗಿಂತ ಕಡಿಮೆ, ಅದು ಖಂಡಿತ. ಸ್ವಂತವಾಗಿ ಮಾಡುವವರಿಗೆ ನನ್ನ ಸಲಹೆ ಒಂದೇ. ಒಂದೊಂದು ಮರಕ್ಕೆ ಓಡಾಡಿ ದುಡ್ಡು ಹುಟ್ಟುವುದಿಲ್ಲ. ಅಪಾರ್ಟ್‌ಮೆಂಟ್, ಶಾಲೆ, ಕಚೇರಿಗಳ ಜೊತೆ ವರ್ಷದ ಒಪ್ಪಂದ ಮಾಡಿಕೊಳ್ಳಿ. ಮರಗಳಿಗೆಲ್ಲ ನಂಬರು ಹಾಕಿ ಪಟ್ಟಿ ಮಾಡಿ, ಮಳೆಗಾಲಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿ ವರದಿ ಕೊಡಿ. ಆಗ ‘ಏನೂ ಮಾಡಬೇಡಿ’ ಅಂತ ಬರೆದರೂ ದುಡ್ಡು ಬರುತ್ತದೆ, ಯಾಕೆಂದರೆ ಅವರು ಕೊಡುತ್ತಿರುವುದು ನೋಡುವುದಕ್ಕೆ. ಆ ಖಜಾಂಚಿ ಹೇಳಿದರಲ್ಲ, ಅವರ ಅಪಾರ್ಟ್‌ಮೆಂಟ್ ಈಗ ಹಾಗೇ ಒಪ್ಪಂದದಲ್ಲಿದೆ. ಫೀಸು ಜಾಸ್ತಿ ಅಂತ ಈಗಲೂ ಚೌಕಾಸಿ ಮಾಡುತ್ತಾರೆ.

ಹೆಣ್ಣುಮಕ್ಕಳಿಗೆ ಆಗುತ್ತದಾ ಅಂತ ತಾಯಿಯೊಬ್ಬರು ಕೇಳಿದರು. ಆಗುತ್ತದೆ ಅಮ್ಮ. ಕೃಷಿ ಕಾಲೇಜಿನ ತರಗತಿಗಳಲ್ಲಿ ಈಗ ಹುಡುಗಿಯರು ತುಂಬಾ ಇದ್ದಾರೆ. ಬಿಸಿಲು, ಕೆಸರು, ಹೊಲದ ಹತ್ತಿರ ಶೌಚಾಲಯ ಇಲ್ಲದಿರುವುದು, ಇವು ಕಷ್ಟ. ‘ಸಾರ್ ಯಾವಾಗ ಬರ್ತಾರೆ?’ ಅಂತ ನನ್ನ ಮುಖ ನೋಡಿಯೇ ಕೇಳುವವರು ಈಗಲೂ ಇದ್ದಾರೆ. ಲೋಟದ ನೀರಿನಲ್ಲಿ ಬಿಳಿ ಎಳೆ ಇಳಿಯುವುದನ್ನು ತೋರಿಸಿದ ಮೇಲೆ ಕೇಳುವುದಿಲ್ಲ.

ಕೆಲಸ ಹೇಗಿರುತ್ತದೆ ಅಂತ ಸೇರುವ ಮೊದಲೇ ನೋಡಬೇಕು ಅನ್ನುವವರು ಜಿಕೆವಿಕೆಯ ಕೃಷಿ ಮೇಳಕ್ಕೆ ಹೋಗಿ, ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುತ್ತದೆ. ತಿಂಡಿ ಮಳಿಗೆ ಆಮೇಲೆ ನೋಡಿ. ಸಸ್ಯರೋಗ, ಕೀಟ ವಿಭಾಗದ ಮಳಿಗೆಗಳ ಹತ್ತಿರ ಒಂದು ಗಂಟೆ ಸುಮ್ನೆ ನಿಂತು ರೈತರು ಏನು ಕೇಳುತ್ತಾರೆ, ವಿಜ್ಞಾನಿಗಳು ತಿರುಗಿ ಏನು ಕೇಳುತ್ತಾರೆ ಅನ್ನುವುದನ್ನು ಕೇಳಿಸಿಕೊಳ್ಳಿ. ನಿಮ್ಮ ಮನೆಯ ಗಿಡಕ್ಕೆ ಏನಾದರೂ ಆಗಿದ್ದರೆ ಅದನ್ನೂ ಒಯ್ಯಿರಿ. ಪೂರ್ತಿ ಸತ್ತದ್ದು ಬೇಡ, ಅರ್ಧ ಕೆಟ್ಟು ಅರ್ಧ ಚೆನ್ನಾಗಿರುವುದು ಬೇಕು. ಸಾಧ್ಯವಾದರೆ ಬೇರು, ಸ್ವಲ್ಪ ಮಣ್ಣು ಸೇರಿಸಿ. ಎಲೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಬೆವತು ಕೊಳೆತುಹೋಗುತ್ತವೆ. ಹಳೇ ನ್ಯೂಸ್‌ಪೇಪರಿನಲ್ಲಿ ಸುತ್ತಿ ತನ್ನಿ.